ಕಲ್ಯಾಣದ ಕಥೆಗೆ ಕಾರ್ನಾಡರು ರಂಗವನ್ನೇ ಆರಿಸಿದ್ದೇಕೆ?

ಗಿರೀಶ ಕಾರ್ನಾಡರ ಹೆಸರು ಹೇಳಿದೊಡನೆ ಅನೇಕರ ಕಣ್ಣಮುಂದೆ ಬರುವುದು ಪರದೆಯ ಮೇಲಿನ ಅವರ ಮುಖ. ಒಬ್ಬರಿಗೆ ಅವರು ‘ಸಂಸ್ಕಾರ’ದ ಪ್ರಾಣೇಶಾಚಾರ್ಯ, ಇನ್ನೊಬ್ಬರಿಗೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ತಂದೆ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಓದುಗರಿಗೆ ಅವರೊಡನೆ ಇನ್ನೊಂದು ನಂಟಿದೆ. ಈ ನೆಲದಲ್ಲಿ 12ನೆಯ ಶತಮಾನದಲ್ಲಿ ನಡೆದುದನ್ನು ವಸ್ತುವಾಗಿಟ್ಟುಕೊಂಡು ಅವರು ‘ತಲೆದಂಡ’ ಬರೆದರು. ಆ ಹೊತ್ತಿಗೆ ಅವರು ಹೆಸರಾಂತ ಚಿತ್ರ ನಿರ್ದೇಶಕರೂ ಹೌದು. ಆದರೂ ಕಲ್ಯಾಣದ ಕಥೆಯನ್ನು ಅವರು ಸಿನಿಮಾ ಮಾಡದೆ ನಾಟಕವಾಗಿಯೇ ಬರೆದರು. ಅದೇಕೆ ಎಂದು ಯೋಚಿಸುತ್ತ ಹೋದರೆ, ಕಾದಂಬರಿ, ರಂಗ ಮತ್ತು ತೆರೆ ಎಂಬ ಮೂರು ಮಾಧ್ಯಮಗಳು ಹೇಗೆ ಕೆಲಸ ಮಾಡುತ್ತವೆ ಎಂಬುದೂ ತಿಳಿಯುತ್ತದೆ.

ಮೊದಲು ಕಥೆಯ ಹಿನ್ನೆಲೆ. 11ನೆಯ ಶತಮಾನದಲ್ಲಿ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಯಿತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಿಲ್ಹಣನಂಥ ಕವಿ, ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನಂಥ ಧರ್ಮಶಾಸ್ತ್ರಜ್ಞ ಇಲ್ಲಿದ್ದರು. ಆ ಕಾಲದ ಶಿಲ್ಪಕಲೆಯನ್ನು ಹುಮನಾಬಾದ್ ತಾಲ್ಲೂಕಿನ ಜಲಸಂಗವಿ ಗುಡಿಯ ಗೋಡೆಗಳಲ್ಲಿ ಇಂದಿಗೂ ನೋಡಬಹುದು. ಮುಂದೆ ಚಾಲುಕ್ಯರ ಸಾಮಂತನಾಗಿದ್ದ, ಅಂದರೆ ಅವರ ಕೈಕೆಳಗೆ ಆಳುತ್ತಿದ್ದ, ಕಳಚುರಿ ಬಿಜ್ಜಳ ಸಿಂಹಾಸನವನ್ನು ತನ್ನದಾಗಿಸಿಕೊಂಡ. ಬಸವಣ್ಣ ಅವನ ಭಂಡಾರಿಯಾದರು. ಅಂದರೆ ರಾಜ್ಯದ ಖಜಾನೆ ಅವರ ಕೈಯಲ್ಲಿತ್ತು. ಜಾತಿಭೇದ ಒಪ್ಪದ ಶಿವಭಕ್ತರು, ಅಂದರೆ ಶರಣರು, ಅವರ ಸುತ್ತ ಸೇರಿದರು.

ಬ್ರಾಹ್ಮಣ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟು ಮದುವೆಯಾಯಿತು, ಇಬ್ಬರು ತಂದೆಯರಿಗೂ ಘೋರ ಶಿಕ್ಷೆಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು ಎಂಬುದು ನಾವೆಲ್ಲ ಕೇಳಿದ ಕಥೆ. ಇದರಲ್ಲಿ ಒಂದು ವಿಷಯ ಗಮನಿಸಬೇಕು. ರಾಜರ ಹೆಸರು, ದಾನದತ್ತಿಗಳ ವಿವರ ನಮಗೆ ಶಾಸನಗಳಿಂದ ಸಿಗುತ್ತವೆ. ಮದುವೆಯ ಕಥೆ ಹೆಚ್ಚಾಗಿ ಬಂದಿರುವುದು ಕಾವ್ಯ, ಪುರಾಣ ಮತ್ತು ಜನರ ನೆನಪಿನ ದಾರಿಯಿಂದ. ಹೀಗಾಗಿ ಯಾರು ಏಕೆ ಹಾಗೆ ನಡೆದುಕೊಂಡರು ಎಂಬ ಪ್ರಶ್ನೆಗೆ ಪ್ರತಿ ತಲೆಮಾರಿನ ಲೇಖಕನೂ ತನ್ನದೇ ಉತ್ತರ ಹುಡುಕಲು ಜಾಗ ಉಳಿದಿದೆ.

ಆಧುನಿಕ ಕನ್ನಡದ ಮೂವರು ಪ್ರಮುಖ ನಾಟಕಕಾರರು ಈ ಜಾಗಕ್ಕೆ ಬಂದರು. ಪಿ. ಲಂಕೇಶರು ‘ಸಂಕ್ರಾಂತಿ’ ಬರೆದರು, ಎಚ್.ಎಸ್. ಶಿವಪ್ರಕಾಶರು ‘ಮಹಾಚೈತ್ರ’ ಬರೆದರು, 1990ರಲ್ಲಿ ಕಾರ್ನಾಡರ ‘ತಲೆದಂಡ’ ಪ್ರಕಟವಾಯಿತು. ಲಂಕೇಶ್ ಮತ್ತು ಕಾರ್ನಾಡ್ ಇದಕ್ಕೂ ಮುಂಚೆ ಒಂದೇ ಚಿತ್ರದಲ್ಲಿ ಎದುರಾಳಿಗಳಾಗಿದ್ದರು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆಗೆದ ‘ಸಂಸ್ಕಾರ’ದಲ್ಲಿ ಕಾರ್ನಾಡರು ಪ್ರಾಣೇಶಾಚಾರ್ಯ, ಲಂಕೇಶರು ನಾರಣಪ್ಪ. ಮುಂದೆ ಲಂಕೇಶರೂ ‘ಪಲ್ಲವಿ’ಯಿಂದ ಆರಂಭಿಸಿ ಚಿತ್ರಗಳನ್ನು ನಿರ್ದೇಶಿಸಿದರು. ಇಬ್ಬರಿಗೂ ಕ್ಯಾಮೆರಾ ಒಲಿದಿತ್ತು. ಕಲ್ಯಾಣವನ್ನು ಮಾತ್ರ ಇಬ್ಬರೂ ರಂಗಕ್ಕೇ ಕೊಟ್ಟರು.

‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದವರೂ ಕಾರ್ನಾಡರೇ. ಚಿತ್ರಕಥೆ ಎಂದರೆ ತೆರೆಯ ಮೇಲೆ ಯಾವುದರ ನಂತರ ಯಾವುದು ಕಾಣಬೇಕು, ಯಾವುದು ಕೇಳಬೇಕು ಎಂದು ದೃಶ್ಯಗಳನ್ನು ಜೋಡಿಸಿ ಬರೆದ ಪಠ್ಯ. ಅನಂತಮೂರ್ತಿಯವರ ಕಾದಂಬರಿಯ ಬಹುಭಾಗ ನಡೆಯುವುದು ಪ್ರಾಣೇಶಾಚಾರ್ಯನ ಮನಸ್ಸಿನೊಳಗೆ. ಕಾದಂಬರಿಕಾರ ಮನಸ್ಸಿನ ತುಮುಲವನ್ನು ನೇರವಾಗಿ ಹೇಳಬಲ್ಲ. ಕ್ಯಾಮೆರಾಕ್ಕೆ ಮನಸ್ಸು ಕಾಣದು. ಅದಕ್ಕೆ ಕಾಣುವುದು ಮುಖ, ನಡಿಗೆ, ಅಗ್ರಹಾರದ ಬೀದಿ, ಸತ್ತ ಇಲಿ, ಮಾಡಿನ ಮೇಲೆ ಕೂತ ಹದ್ದು. ಒಳಗಿನ ತುಮುಲಕ್ಕೆ ಹೊರಗಿನ ಗುರುತು ಹುಡುಕುವುದೇ ಚಿತ್ರಕಥೆಗಾರನ ಕೆಲಸ. ಕಾರ್ನಾಡರು ನಿರ್ದೇಶಿಸಿದ ‘ಕಾಡು’ (1973) ಇನ್ನೊಂದು ಉದಾಹರಣೆ. ಶ್ರೀಕೃಷ್ಣ ಆಲನಹಳ್ಳಿಯವರ ಈ ಕಾದಂಬರಿಯಲ್ಲಿ ದೊಡ್ಡವರ ದ್ವೇಷ, ಕೊಲೆಗಳು ಕಿಟ್ಟಿ ಎಂಬ ಹುಡುಗನ ಕಣ್ಣಿಗೆ ಬೀಳುತ್ತವೆ. ಚಿತ್ರವೂ ಆ ಹುಡುಗನ ನೋಟವನ್ನು ಹಿಡಿದು ಸಾಗುತ್ತದೆ. ಅವನಿಗೆ ಅರ್ಥವಾಗದ್ದನ್ನು ಪ್ರೇಕ್ಷಕ ತಾನೇ ಕೂಡಿಸಿಕೊಳ್ಳಬೇಕಾಗುತ್ತದೆ.

ಅವರು ನಿರ್ದೇಶಿಸಿದ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ಬೇರೆಯವರ ಕಾದಂಬರಿಗಳಿಂದ ಬಂದವು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು 1971ರಲ್ಲಿ ಬಿ.ವಿ. ಕಾರಂತರ ಜೊತೆಗೂಡಿ ತೆರೆಗೆ ತಂದರು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು 1999ರಲ್ಲಿ ತಂದರು. ಅವರದೇ ನಾಟಕಗಳಾದ ‘ಯಯಾತಿ’, ‘ತುಘಲಕ್’, ‘ಹಯವದನ’, ‘ತಲೆದಂಡ’ಗಳು ಮಾತ್ರ ಅವರ ಕೈಯಲ್ಲಿ ಸಿನಿಮಾ ಆಗಲಿಲ್ಲ. ಅವರ ‘ನಾಗಮಂಡಲ’ ನಾಟಕ 1997ರಲ್ಲಿ ಚಿತ್ರವಾಯಿತು; ಆದರೆ ಅದರ ನಿರ್ದೇಶಕರು ಟಿ.ಎಸ್. ನಾಗಾಭರಣ. ಸಿನಿಮಾದಲ್ಲಿ ಕಾರ್ನಾಡರು ಹೆಚ್ಚಾಗಿ ಇತರರ ಕೃತಿಗಳ ಒಳ್ಳೆಯ ಓದುಗರಾಗಿದ್ದರು. ತಮ್ಮನ್ನು ಕಾಡಿದ ಪ್ರಶ್ನೆಗಳನ್ನು ರಂಗಕ್ಕೆ ಮೀಸಲಿಟ್ಟರು.

ಈ ವಿಂಗಡಣೆಗೆ ಕಾರಣ ರಂಗದ ಸ್ವಭಾವದಲ್ಲಿದೆ. ತೆರೆ ಇಡೀ ನಗರವನ್ನು ತೋರಿಸಬಲ್ಲದು. ರಂಗದ ಮೇಲೆ ಕೆಲವೇ ಜನ, ಒಂದು ಕೋಣೆ, ಅವರ ಮಾತು ಇರುತ್ತವೆ. ಉಳಿದದ್ದೆಲ್ಲ ಹೊರಗೆ ನಡೆದು ಸುದ್ದಿಯಾಗಿ ಒಳಗೆ ಬರುತ್ತದೆ. ‘ತಲೆದಂಡ’ದ ಮೊದಲ ದೃಶ್ಯ ನಡೆಯುವುದು ಒಬ್ಬ ಬ್ರಾಹ್ಮಣನ ಮನೆಯಲ್ಲಿ. ತಂದೆ ಸಾಯುವ ಸ್ಥಿತಿಯಲ್ಲಿದ್ದಾನೆ. ಶರಣರ ಗುಂಪು ಸೇರಿದ ಮಗ ಜಗದೇವ ಮನೆಗೆ ಬರುತ್ತಾನೆ, ತೊಗಲು ಹದಮಾಡುವವರ ಮಗನಾದ ಗೆಳೆಯ ಮಲ್ಲಿಬೊಮ್ಮನನ್ನು ಒಳಗೆ ಕರೆಯುತ್ತಾನೆ. ಗೆಳೆಯ ಹೆದರಿ ಹಿಂಜರಿಯುತ್ತಾನೆ, ಜಗದೇವ ಬಿಡುವುದಿಲ್ಲ. ಕಲ್ಯಾಣದ ಇಡೀ ಸಂಘರ್ಷ ಆ ಒಂದು ಹೊಸ್ತಿಲಲ್ಲಿದೆ. ಸಮಾನತೆಯ ಹುಮ್ಮಸ್ಸಿನಲ್ಲಿರುವವನು ತನ್ನ ಗೆಳೆಯನ ಭಯವನ್ನು ಗಮನಿಸುತ್ತಿದ್ದಾನೆಯೇ ಎಂಬ ಪ್ರಶ್ನೆಯೂ ಅಲ್ಲೇ ಏಳುತ್ತದೆ.

ಮುಂದೆ ಮದುವೆಯ ಪ್ರಸ್ತಾಪ ಬರುತ್ತದೆ. ಈ ನಾಟಕದ ಬಸವಣ್ಣ ಅದನ್ನು ಕೇಳಿ ಸಂಭ್ರಮಿಸುವುದಿಲ್ಲ, ಆತಂಕಪಡುತ್ತಾರೆ. ತತ್ತ್ವವಾಗಿ ಮದುವೆ ಸರಿ. ಆದರೆ ಅದರ ಪೆಟ್ಟು ಬೀಳುವುದು ಆ ಇಬ್ಬರು ಮಕ್ಕಳ ಮೇಲೆ, ಹರಳಯ್ಯನಂಥವರ ಮೇಲೆ ಎಂಬುದು ಅವರಿಗೆ ಗೊತ್ತು. ಬಿಜ್ಜಳನೂ ಇಲ್ಲಿ ಬರಿಯ ಖಳನಲ್ಲ. ತನ್ನ ಹುಟ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ತನ್ನನ್ನು ನೋಡಿದವರು ಶರಣರು ಮಾತ್ರ ಎಂದು ಅವನಿಗನಿಸಿದೆ; ಅದಕ್ಕೇ ಅವರ ಮೇಲೆ ಪ್ರೀತಿ. ಇಂಥ ಎರಡು ಮನಸ್ಸಿನ ಸ್ಥಿತಿಯನ್ನು ಹಿಡಿಯಲು ವಾದ ಬೇಕು, ಮರುವಾದ ಬೇಕು, ಇಬ್ಬರೂ ಸರಿ ಎನಿಸುವ ಹೊತ್ತು ಬೇಕು. ಅದು ರಂಗದ ಶಕ್ತಿ. ಬಸವಣ್ಣನವರನ್ನು ಕುರಿತ ಚಿತ್ರಗಳು ಬಂದಿವೆ; 1959ರ ‘ಜಗಜ್ಯೋತಿ ಬಸವೇಶ್ವರ’, 1983ರ ‘ಕ್ರಾಂತಿಯೋಗಿ ಬಸವಣ್ಣ’ ಅವುಗಳಲ್ಲಿ ಮುಖ್ಯ. ಅವು ಒಬ್ಬ ಮಹಾಪುರುಷನ ಬದುಕನ್ನು ಗೌರವದಿಂದ ಹೇಳುವ ದಾರಿ ಹಿಡಿದವು. ಕಾರ್ನಾಡರಿಗೆ ಬೇಕಾಗಿದ್ದುದು ಒಂದು ಒಳ್ಳೆಯ ಚಳವಳಿ ಹೇಗೆ ಮುರಿಯುತ್ತದೆ ಎಂಬುದರ ವಿಚಾರಣೆ.

ಅವರು ಇದನ್ನು ಬರೆದ ಕಾಲವೂ ಮುಖ್ಯ. 1989ರಲ್ಲಿ ಅಯೋಧ್ಯೆಯ ವಿವಾದ ದೇಶದಲ್ಲಿ ಕಾವೇರುತ್ತಿತ್ತು; ಮರುವರ್ಷ ಹಿಂದುಳಿದ ವರ್ಗಗಳ ಮೀಸಲಾತಿ ಕುರಿತ ಮಂಡಲ್ ವರದಿಯ ಜಾರಿಯ ಘೋಷಣೆಯಾಗಿ ಜಾತಿಯ ಪ್ರಶ್ನೆ ಬೀದಿಗೆ ಬಂತು. ಎಂಟು ಶತಮಾನ ಹಿಂದಿನ ಕಥೆ ಅಂದಿನ ಪತ್ರಿಕೆಯ ಸುದ್ದಿಯ ಪಕ್ಕದಲ್ಲೇ ನಿಂತಂತಾಯಿತು. ‘ರಕ್ತ್ ಕಲ್ಯಾಣ್’ ಹೆಸರಿನ ಹಿಂದಿ ಅನುವಾದವನ್ನು ಇಬ್ರಾಹಿಂ ಅಲ್ಕಾಜಿಯವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಿಸಿದರು. 1994ರಲ್ಲಿ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1998ರಲ್ಲಿ ಜ್ಞಾನಪೀಠ ಪಡೆದ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡರು.

ಇಂದು ಬಸವಕಲ್ಯಾಣಕ್ಕೆ ಬರುವವರು 108 ಅಡಿಯ ಬಸವಣ್ಣನವರ ಪ್ರತಿಮೆ ನೋಡುತ್ತಾರೆ, ಹರಳಯ್ಯನವರ ಗವಿಗೆ ಹೋಗುತ್ತಾರೆ, ಹೊಸ ಅನುಭವ ಮಂಟಪದ ಬಗ್ಗೆ ಕೇಳುತ್ತಾರೆ. ಸ್ಮಾರಕಗಳು ಬೇಕು, ಅವು ನೆನಪನ್ನು ಕಾಪಾಡುತ್ತವೆ. ಆದರೆ ಶರಣರು ಕೂಡಿ ಚರ್ಚಿಸುತ್ತಿದ್ದ ಅನುಭವ ಮಂಟಪದ ಜೀವಾಳ ಇದ್ದದ್ದು ಪ್ರಶ್ನೆ ಕೇಳುವುದರಲ್ಲಿ, ಎದುರು ಮಾತಾಡುವುದರಲ್ಲಿ. ನಾಟಕ ಮಾಡುವುದೂ ಅದನ್ನೇ. ಬಸವಕಲ್ಯಾಣ, ಹುಮನಾಬಾದಿನ ಕಾಲೇಜುಗಳು ‘ಸಂಕ್ರಾಂತಿ’, ‘ಮಹಾಚೈತ್ರ’, ‘ತಲೆದಂಡ’ಗಳಲ್ಲಿ ಒಂದನ್ನು ಪ್ರತಿವರ್ಷ ವಿದ್ಯಾರ್ಥಿಗಳಿಂದ ಆಡಿಸಿ, ಆಟ ಮುಗಿದ ಮೇಲೆ ಊರವರ ಜೊತೆ ಚರ್ಚೆಗೆ ಕೂರಿಸುವುದು ಒಳ್ಳೆಯದು. ಇದಕ್ಕೆ ದೊಡ್ಡ ಖರ್ಚಿಲ್ಲ; ಒಂದು ಜಗಲಿ, ನಾಲ್ಕು ದೀಪ ಸಾಕು. ಮಲ್ಲಿಬೊಮ್ಮನ ಪಾತ್ರ ಮಾಡಿದ ಹುಡುಗನೂ ಜಗದೇವನಾದ ಹುಡುಗನೂ ಪರಸ್ಪರರ ಮನೆಯ ಬಗ್ಗೆ ಹೊಸದಾಗಿ ಯೋಚಿಸುವಂತಾದರೆ, ಕಲ್ಯಾಣದ ಶರಣರು ಆರಂಭಿಸಿದ ಕೆಲಸ ಒಂದು ಹೆಜ್ಜೆ ಮುಂದೆ ಸಾಗಿದಂತೆ.