ಮಣಿಕಟ್ಟು ನೋಯ್ತಿದ್ಯಾ? ಸ್ಪ್ಲಿಟ್ ಕೀಬೋರ್ಡ್ ಕೊಳ್ಳೋ ಮೊದಲು ಇದನ್ನ ಓದಿ

1/5
ಕೆ.ಆರ್. ಪುರದಿಂದ ಇಂದಿರಾನಗರದವರೆಗೆ ಮೆಟ್ರೋದಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್. ಇಳಿದ್ಮೇಲೆ ಕೆಫೆಯ ಎತ್ತರದ ಮೇಜು. ರಾತ್ರಿ ಪಿಜಿಯ ಮಂಚ. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳು ಹುಟ್ಟೋದೇ ಹೀಗೆ, ಮಣಿಕಟ್ಟು ನೋಯದೇ ಇರುತ್ತಾ? "ಸ್ಪ್ಲಿಟ್ ಕೀಬೋರ್ಡ್ ತಗೊಳ್ಲಾ?" ಅಂತ ಕೇಳೋರಿಗೆ ನನ್ನ ಉತ್ತರ: ತಗೊಳ್ಳಿ, ಆದ್ರೆ ಪರೀಕ್ಷೆ ಮಾಡಿ ತಗೊಳ್ಳಿ. ಕನ್ನಡ ಟೈಪ್ ಮಾಡೋರಾದ್ರೆ ಇಂಗ್ಲಿಷ್ ರಿವ್ಯೂ ನೋಡಿ ಆರಿಸ್ಬೇಡಿ.

2/5
ಮಾಮೂಲಿ ಕೀಬೋರ್ಡ್ ಮೇಲೆ ಎರಡೂ ಕೈ ಹತ್ತಿರ ಬಂದಾಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟ ಆಗುತ್ತೆ. ಎರಡು ತುಂಡನ್ನ ಭುಜದಗಲಕ್ಕೆ ಇಟ್ರೆ ಕೈ ನೇರ ನಿಲ್ಲುತ್ತೆ. ಇದು ಹೊಸದಲ್ಲ, ಮೈಕ್ರೋಸಾಫ್ಟ್ 1994ರಲ್ಲೇ ಮಧ್ಯ ಸೀಳಿದ ನ್ಯಾಚುರಲ್ ಕೀಬೋರ್ಡ್ ತಂದಿತ್ತು. ಆದ್ರೆ ಮಣಿಕಟ್ಟು ಮೇಲಕ್ಕೆ ಬಾಗ್ತಿದ್ರೆ, ಬರೀ ಎರಡು ತುಂಡು ಮಾಡಿದ್ರೆ ಸರಿಹೋಗಲ್ಲ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲು ಮಡಚಿ, ಕುರ್ಚಿ ಎತ್ತರ ಮಾಡ್ಕೊಳ್ಳಿ. ಖರ್ಚು ಸೊನ್ನೆ.

3/5
ಈಗ ನಮ್ಮ ಭಾಷೆಯ ಲೆಕ್ಕ. ನುಡಿಯಲ್ಲಿರೋದು ಕೆ.ಪಿ. ರಾವ್ ಅವರ ವಿನ್ಯಾಸ. ಬುದ್ಧಿವಂತ ವಿನ್ಯಾಸ: 26 ಕೀಲಿಯಲ್ಲೇ ಇಡೀ ವರ್ಣಮಾಲೆ. ಆದ್ರೆ ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್, ಳ-ಣಗಳಿಗೂ ಶಿಫ್ಟ್. "ಬೆಂಗಳೂರು" ಅಂತ ಬರೆದು ನೋಡಿ: ಸೊನ್ನೆಗೆ, ಳಕಾರಕ್ಕೆ, ದೀರ್ಘ ಊಕಾರಕ್ಕೆ, ಒಂದೇ ಪದದಲ್ಲಿ ಮೂರು ಶಿಫ್ಟ್! ಮೂರೂ ಅಕ್ಷರ ಬಲಗೈ ಕಡೆ ಇರೋದ್ರಿಂದ ಶಿಫ್ಟ್ ಒತ್ತೋದು ಪಾಪ ಎಡಗೈ ಕಿರುಬೆರಳು. ಅದಕ್ಕೇ ನಾನು ಹೇಳೋದು: ಬಣ್ಣ, ಲೈಟು, ಟಕಟಕ ಸದ್ದು ಆಮೇಲೆ. ಹೆಬ್ಬೆರಳಿನ ಹತ್ತಿರ ಹೆಚ್ಚಿನ ಕೀಲಿ ಇದ್ಯಾ, ಅಲ್ಲಿಗೆ ಶಿಫ್ಟ್ ತರಬಹುದಾ, ಅದನ್ನ ಮೊದಲು ನೋಡಿ. ಆಗದಿದ್ರೆ ಕನ್ನಡದವರಿಗೆ ಅದು ಅರ್ಧ ಪರಿಹಾರ ಅಷ್ಟೇ.

4/5
ಎರಡು ತುಂಡಿನ ಒಳ್ಳೆ ಕೀಬೋರ್ಡ್ ಸುಲಭವಾಗಿ ಹತ್ತು ಸಾವಿರ ದಾಟುತ್ತೆ. ಅಪ್ಪ-ಅಮ್ಮನ ದುಡ್ಡು. ಮೊದಲು ಎರಡು ಹಳೇ ಯುಎಸ್‌ಬಿ ಕೀಬೋರ್ಡ್ ಹುಡುಕಿ, ಒಂದೇ ಕಂಪ್ಯೂಟರಿಗೆ ಹಾಕಿ, ದೂರ ದೂರ ಇಡಿ. ಎಡಗೈ ಒಂದರಲ್ಲಿ, ಬಲಗೈ ಇನ್ನೊಂದರಲ್ಲಿ. ವಿಂಡೋಸ್‌ನಲ್ಲಿ ಒಂದರ ಶಿಫ್ಟ್ ಇನ್ನೊಂದಕ್ಕೂ ಕೆಲಸ ಮಾಡುತ್ತೆ. ಒಂದು ವಾರ ನೋಡಿ. ಹಾಯ್ ಅನ್ನಿಸಿದ್ರೆ ಕೊಳ್ಳಿ. ಶಿಫ್ಟ್ ಹಿಡಿಯೋದೇ ನೋವಾದ್ರೆ, ಅದನ್ನ ಐದು ಸಲ ಒತ್ತಿ. ಸ್ಟಿಕಿ ಕೀಸ್ ಆನ್ ಮಾಡ್ಲಾ ಅಂತ ಕೇಳುತ್ತೆ. ಆಮೇಲೆ ಒತ್ತಿ ಹಿಡಿಯೋದೇ ಬೇಡ, ಒಮ್ಮೆ ತಟ್ಟಿದ್ರೆ ಸಾಕು.

5/5
ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರ ಆಗ್ತಿದ್ರೆ ಕಾರ್ಟ್ ಮುಚ್ಚಿ, ಡಾಕ್ಟರ್ ಹತ್ರ ಹೋಗಿ. ಶಿವಾಜಿನಗರದಲ್ಲೇ ಸರ್ಕಾರಿ ಬೌರಿಂಗ್ ಆಸ್ಪತ್ರೆ ಇದೆ. ಮಣಿಕಟ್ಟಿನ ಒಳಗೆ ನರ ಅದುಮಿಕೊಂಡಿದ್ರೆ ಯಾವ ಕೀಬೋರ್ಡೂ ಔಷಧಿ ಅಲ್ಲ. ಸೆಮಿಸ್ಟರ್ ಆರು ತಿಂಗಳು, ಕೈ ಮಾತ್ರ ಜೀವನಪೂರ್ತಿ ಬೇಕು.

ನಿಮ್ಮ ಯಾವ ಬೆರಳು ಮೊದಲು ಸೋಲುತ್ತೆ? ಕೆಳಗೆ ಬರೀರಿ. ಇವತ್ತೂ ಮಂಚದ ಮೇಲೆ ಬಿದ್ಕೊಂಡು ಟೈಪ್ ಮಾಡ್ತಿರೋ ಗೆಳೆಯರನ್ನ ಟ್ಯಾಗ್ ಮಾಡಿ 👇

#ಮಣಿಕಟ್ಟು #ಕನ್ನಡಟೈಪಿಂಗ್ #ನಮ್ಮಬೆಂಗಳೂರು