ಬಲ್ಲವನು ಮತ್ತೆ ಕಲಿಯಲು ಹೊರಟಾಗ

ಕಳೆದ ತಿಂಗಳು ಒಂದು ಸಂಜೆ ನಮ್ಮ ತೂಬಗೆರೆಯ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕಾಲಿಗೆ ನಮಸ್ಕರಿಸಿದ. 1998ರಲ್ಲಿ ನನ್ನ ಕೈಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಓದಿ, ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಏಸಿ ರಿಪೇರಿ ಮಾಡುತ್ತಿರುವವನು. ಗಳಿಕೆ ಚೆನ್ನಾಗಿದೆಯೆಂದೇ ಊರಿನಲ್ಲಿ ಎಲ್ಲರ ಭಾವನೆ. ಮುಖ ಮಾತ್ರ ಬಾಡಿತ್ತು.

"ಏನಪ್ಪಾ, ಆರೋಗ್ಯವೇ?" ಎಂದೆ.

"ಆರೋಗ್ಯಕ್ಕೇನೂ ಇಲ್ಲ ಸಾರ್. ಒಂದು ಕಂಪ್ರೆಸರ್ ಸುಟ್ಟುಬಿಟ್ಟೆ" ಎಂದ.

ಆದದ್ದು ಇಷ್ಟು. ಪೇಟೆಯ ಐಸ್‌ಕ್ರೀಮ್ ವ್ಯಾಪಾರಿಯೊಬ್ಬರ ಶೀತಲಕೊಠಡಿ ಕೆಟ್ಟಿತ್ತು. ಅದು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರಬೇಕಾದ ಕೊಠಡಿ. ಏಸಿಯನ್ನು ಬಲ್ಲವನಿಗೆ ಇದೇನು ಮಹಾ ಎಂದು ಇವನನ್ನು ಕರೆದರು, ಇವನೂ ಹಾಗೆಯೇ ಅಂದುಕೊಂಡು ಹೋದ. ಒಳಗಿನ ಕಾಯಿಲ್ ಪೂರ್ತಿ ಮಂಜುಗಡ್ಡೆಯಿಂದ ಮುಚ್ಚಿಹೋಗಿತ್ತು. ಗೇಜಿನಲ್ಲಿ ಒತ್ತಡ ಕಡಿಮೆ ತೋರಿಸುತ್ತಿತ್ತು. ಏಸಿಯಲ್ಲಿ ಹೀಗೆ ಕಂಡರೆ ಗಾಳಿಯ ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಗ್ಯಾಸ್ ಸೋರಿರಬೇಕು. ಇಲ್ಲಿ ಫಿಲ್ಟರ್ ಇರಲೇ ಇಲ್ಲ. ಆದ್ದರಿಂದ ಗ್ಯಾಸ್ ತುಂಬಿದ.

ಇಲ್ಲಿ ಸ್ವಲ್ಪ ಮೇಷ್ಟ್ರಗಿರಿ ಮಾಡುತ್ತೇನೆ, ಓದುಗರು ಮನ್ನಿಸಬೇಕು. ಏಸಿಯ ಕಾಯಿಲ್ ಶೂನ್ಯಕ್ಕಿಂತ ಕೆಲವು ಡಿಗ್ರಿ ಮೇಲೆಯೇ ಇರುವುದರಿಂದ ಗಾಳಿಯ ತೇವ ಅದರ ಮೇಲೆ ನೀರಾಗಿ ತೊಟ್ಟಿಕ್ಕುತ್ತದೆ. ಶೀತಲಕೊಠಡಿಯ ಕಾಯಿಲ್ ಶೂನ್ಯಕ್ಕಿಂತ 25 ಡಿಗ್ರಿಯಷ್ಟು ಕೆಳಗೆ ಓಡುತ್ತದೆ. ಅಲ್ಲಿ ತೇವ ಹೆಪ್ಪುಗಟ್ಟುವುದೇ ಸಹಜ. ಆದ್ದರಿಂದ ಕೆಲವು ಗಂಟೆಗಳಿಗೊಮ್ಮೆ ಯಂತ್ರವನ್ನು ನಿಲ್ಲಿಸಿ, ಕಾಯಿಲಿನೊಳಗಿನ ಹೀಟರ್ ಉರಿಸಿ, ಆ ಹಿಮವನ್ನು ಕರಗಿಸಿ ಹೊರಗೆ ಹರಿಸಲು ಒಂದು ಟೈಮರ್ ಇರುತ್ತದೆ. ತಣ್ಣಗಿಡುವ ಯಂತ್ರದ ಹೊಟ್ಟೆಯಲ್ಲಿ ಒಂದು ಒಲೆ! ಆ ದಿನ ಸುಟ್ಟುಹೋಗಿದ್ದದ್ದು ಆ ಹೀಟರ್ ಮಾತ್ರ. ಹಿಮ ಕಟ್ಟಿ ಗಾಳಿ ಹಾಯದೆ, ಒಳಗಿನ ದ್ರವಕ್ಕೆ ಆವಿಯಾಗಲು ಬೇಕಾದ ಶಾಖ ಸಿಗದೆ ಒತ್ತಡ ಇಳಿದಿತ್ತು. ಅದರ ಮೇಲೆ ಇನ್ನಷ್ಟು ಗ್ಯಾಸ್ ಸೇರಿದಾಗ, ಆವಿಯಾಗದ ದ್ರವ ಹಾಗೆಯೇ ಕಂಪ್ರೆಸರಿಗೆ ಹಿಂದಿರುಗಿತು. ಕಂಪ್ರೆಸರ್ ಇರುವುದು ಆವಿಯನ್ನು ಒತ್ತಲು. ದ್ರವವನ್ನು ಒತ್ತಲಾರದೆ ಅದು ಕೆಟ್ಟಿತು.

ಗುಪ್ತೋಷ್ಣದ ಪಾಠವನ್ನು ಇದೇ ಹುಡುಗನಿಗೆ ನಾನೇ ಮಾಡಿದ್ದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಎಂದು ಬಾಯಿಪಾಠ ಮಾಡಿಸಿದ್ದೆ. ಏಸಿಯವರು ದಿನವೂ ಆಡುವ 'ಒಂದು ಟನ್' ಎಂಬುದು ಯಂತ್ರದ ತೂಕವಲ್ಲ, ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ಲೆಕ್ಕ ಎಂಬುದನ್ನು ಮಾತ್ರ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ!

ಬಿಎಡ್ ಓದುವಾಗ ನಮಗೆ ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕು, ಮಗುವಿನ ಪೂರ್ವಜ್ಞಾನದ ಮೇಲೆ ಪಾಠವನ್ನು ಕಟ್ಟಬೇಕು ಎಂದು ಕಲಿಸಿದ್ದರು. ಮೂವತ್ತು ವರ್ಷ ಪಾಠಯೋಜನೆಯ ಮೊದಲ ಸಾಲಿನಲ್ಲಿ ಅದನ್ನೇ ಬರೆದೆ. ಪೂರ್ವಜ್ಞಾನವೇ ದಾರಿಗೆ ಅಡ್ಡ ನಿಲ್ಲಬಹುದು ಎಂದು ಯಾರೂ ಹೇಳಲಿಲ್ಲ. ಏನೂ ಅರಿಯದ ಹೊಸಬನಾಗಿದ್ದರೆ ಆ ಹಿಮವನ್ನು ಕಂಡು ಯಾರನ್ನಾದರೂ ಕೇಳುತ್ತಿದ್ದ. ಇವನು ಇಪ್ಪತ್ತು ವರ್ಷದ ಅನುಭವಿ, ಹಾಗಾಗಿ ಕೇಳಲಿಲ್ಲ.

ನಷ್ಟದ ಹಣವನ್ನು ಕಂತಿನಲ್ಲಿ ತೀರಿಸುತ್ತಿದ್ದಾನೆ. ಈ ವಿದ್ಯೆಯನ್ನು ಕಲಿತೇ ತೀರಬೇಕೆಂದು ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಅರ್ಧ ಸಂಬಳಕ್ಕೆ ಸಹಾಯಕನಾಗಿ ಸೇರಿದ್ದಾನೆ. ನಲವತ್ತು ದಾಟಿದವನು ಇನ್ನೊಬ್ಬರ ಟೂಲ್ಸ್ ಚೀಲ ಹೊರುತ್ತಾನೆ. ಮನೆಯಲ್ಲಿ ಹೆಂಡತಿ, "ಇರೋ ಕೆಲಸ ಬಿಟ್ಟು ಇದ್ಯಾಕೆ ಬೇಕಿತ್ತು?" ಎನ್ನುತ್ತಾಳಂತೆ. ಅವಳ ಮಾತಿನಲ್ಲಿ ತಪ್ಪೇನಿದೆ? ಮಗಳ ಕಾಲೇಜು ಫೀಸು ಕಾಯುವುದಿಲ್ಲವಲ್ಲ.

ಆದರೂ ಅವನ ಲೆಕ್ಕಾಚಾರ ಸರಿಯೆಂದೇ ನನ್ನ ಅಭಿಪ್ರಾಯ. ನಮ್ಮ ಸುತ್ತಮುತ್ತ ನೋಡಿ. ಹಾಲಿನ ಡೇರಿಗಳಲ್ಲಿ ಶೀತಲೀಕರಣದ ತೊಟ್ಟಿಗಳಿವೆ. ಕರೆದಾಗ ಬೆಚ್ಚಗಿರುವ ಹಾಲನ್ನು ಅವು 4 ಡಿಗ್ರಿಗೆ ಇಳಿಸಬೇಕು. ದೊಡ್ಡಬಳ್ಳಾಪುರದ ಕಡೆ ಗುಲಾಬಿ, ಬೆಂಗಳೂರು ನೀಲಿ ದ್ರಾಕ್ಷಿ, ನಮ್ಮ ತೂಬಗೆರೆಯ ಹಲಸಿನ ತೊಳೆ, ಇವೆಲ್ಲ ತಂಪನ್ನು ಬೇಡುವ ಸರಕುಗಳು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲಂತೂ ಹೂವು ತರಕಾರಿಗಳು ಇಲ್ಲಿಂದಲೇ ಹೊರದೇಶಕ್ಕೆ ಹಾರುತ್ತಿವೆ. ಏಸಿ ಕೆಟ್ಟರೆ ಒಬ್ಬರು ಒಂದು ರಾತ್ರಿ ಬೆವರುತ್ತಾರೆ, ಅಷ್ಟೇ. ಹಾಲಿನ ತೊಟ್ಟಿ ಕೆಟ್ಟರೆ ಒಂದು ಊರಿನ ಹಸುಗಳೆಲ್ಲ ಕೊಟ್ಟದ್ದು ಬೆಳಗಾಗುವುದರೊಳಗೆ ಒಡೆಯುತ್ತದೆ.

ಅಷ್ಟು ಮುಖ್ಯವಾದ ಕೆಲಸ ಕಲಿಯಲು ಅನುಭವಿಗೆ ಇರುವ ದಾರಿ ಯಾವುದು? ಐಟಿಐಯ ಶೈತ್ಯೀಕರಣ ಮತ್ತು ಹವಾನಿಯಂತ್ರಣ ವೃತ್ತಿ ಎರಡು ವರ್ಷದ್ದು, ಹತ್ತನೆಯ ತರಗತಿ ಮುಗಿಸಿದ ಹುಡುಗರಿಗಾಗಿ ರೂಪಿಸಿದ್ದು. ಸಂಸಾರಸ್ಥ ಮತ್ತೆ ಅಲ್ಲಿ ಹೋಗಿ ಕೂರಲಾರ. ಕೇಂದ್ರದ ಕೌಶಲ ಯೋಜನೆಯಲ್ಲಿ ಪೂರ್ವಕಲಿಕೆಯ ಮಾನ್ಯತೆ ಎಂಬುದೊಂದಿದೆ. ಅದು ಮುಖ್ಯವಾಗಿ ಬಲ್ಲದ್ದಕ್ಕೆ ಪ್ರಮಾಣಪತ್ರ ಕೊಡುತ್ತದೆ. ಬಾರದುದನ್ನು ಕಲಿಸುವವರು ಯಾರು? 2019ರ ಭಾರತ ಶೀತಲೀಕರಣ ಕ್ರಿಯಾಯೋಜನೆಯು 2022-23ರೊಳಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ಎಂಬ ಗುರಿ ಹಾಕಿಕೊಂಡಿತ್ತು. ನಮ್ಮ ಹುಡುಗನ ಬಳಿಗೆ ಯಾರೂ ಬರಲಿಲ್ಲ.

ಜೊತೆಗೆ ಗ್ಯಾಸ್‌ಗಳೂ ಬದಲಾಗುತ್ತಿವೆ. 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಇವನು ಕೈಪಳಗಿದ ಆರ್-22 ಹಿಂದೆ ಸರಿಯುತ್ತಿದೆ. ಶೀತಲಕೊಠಡಿಗಳಲ್ಲಿ ಬಳಕೆಯಲ್ಲಿರುವ ಆರ್-404ಎ ಎಂಬುದು ಇಂಗಾಲದ ಡೈಆಕ್ಸೈಡಿಗಿಂತ ಮೂರು ಸಾವಿರದ ಒಂಬೈನೂರು ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡಬಲ್ಲದು. ಅಂಗಡಿಯ ಎಷ್ಟೋ ಹೊಸ ಫ್ರೀಜರ್‌ಗಳಲ್ಲಿ ಪ್ರೊಪೇನ್ ಇರುತ್ತದೆ, ಅಂದರೆ ಬೆಂಕಿ ಹತ್ತುವ ಅನಿಲ. ಹಳೆಯ ಅಭ್ಯಾಸದಲ್ಲಿ ಅದರ ಪೈಪಿಗೆ ಬೆಸುಗೆಯ ಜ್ವಾಲೆ ಹಿಡಿದರೆ ಸುಡುವುದು ಬರಿಯ ಕಂಪ್ರೆಸರ್ ಅಲ್ಲ.

ನನ್ನ ಸೇವಾವಧಿಯಲ್ಲಿ ಪಠ್ಯ ಬದಲಾದಾಗಲೆಲ್ಲ, ಕಂಪ್ಯೂಟರ್ ಬಂದಾಗ, ಮೌಲ್ಯಮಾಪನದ ಪದ್ಧತಿ ಬದಲಾದಾಗ, ನಮ್ಮನ್ನು ತರಬೇತಿಗೆ ಕರೆದರು. ಸಂಬಳ ನಿಲ್ಲಲಿಲ್ಲ, ಪ್ರಯಾಣಭತ್ಯೆ ಬಂತು, ಮಧ್ಯಾಹ್ನದ ಊಟವೂ ಇತ್ತು. ನಾವೋ ಹಿಂದಿನ ಬೆಂಚಿನಲ್ಲಿ ಕುಳಿತು ಗೊಣಗಿದೆವು! ಅದೇ ಸೌಲಭ್ಯದ ಕಾಲುಭಾಗ ಈ ಕೈಕಸುಬಿನವರಿಗೆ ಏಕಿರಬಾರದು? ತಾಲ್ಲೂಕಿನ ಐಟಿಐ ಕಾರ್ಯಾಗಾರದಲ್ಲಿ ಸಂಜೆ ಎರಡು ಗಂಟೆ, ಮೂರು ತಿಂಗಳು ಪಾಠ ನಡೆಯಲಿ. ಕೆಡಿಸಿ ಕಲಿಯಲು ಒಂದು ಹಳೆಯ ಶೀತಲಕೊಠಡಿ ಇರಲಿ, ಕೈಪಿಡಿ ಕನ್ನಡದಲ್ಲಿರಲಿ. ಕೂಲಿ ಕಳೆದುಕೊಂಡ ಗಂಟೆಗಳಿಗೆ ಒಂದಿಷ್ಟು ಭತ್ಯೆಯೂ ಇರಲಿ. ಗಿರಾಕಿಯ ಯಂತ್ರವನ್ನು ಕೆಡಿಸಿ, ಸಾಲ ಮಾಡಿ ಕಲಿಯುವುದಕ್ಕಿಂತ ಇದು ಎಲ್ಲರಿಗೂ ಅಗ್ಗ.

ಹೊರಡುವಾಗ ಜೇಬಿನಿಂದ ನೂರು ಪುಟದ ನೋಟುಪುಸ್ತಕ ತೆಗೆದ. ದಿನವೂ ನೋಡಿದ ಒತ್ತಡ, ಉಷ್ಣಾಂಶಗಳನ್ನು ಬರೆದಿದ್ದಾನೆ. ಅಕ್ಷರ ಅಂದಿನಂತೆಯೇ ಕಾಗೆ ಕಾಲು. "ಸಾರ್, ಈ ಸೂಪರ್‌ಹೀಟ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತ ಬರೀಲಿ?" ಎಂದ. ಆವಿಯು ತನ್ನ ಕುದಿಬಿಂದುವಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆ ಎಂಬ ಲೆಕ್ಕ ಅದು. ದ್ರವ ಹಿಂದಿರುಗುತ್ತಿದೆಯೇ ಎಂಬುದು ಅದರಿಂದಲೇ ತಿಳಿಯುವುದಂತೆ. 'ಅಧಿಕೋಷ್ಣ' ಎಂದು ಬರೆದುಕೊಟ್ಟೆ. ಸ್ವಲ್ಪ ಹೊತ್ತು ನೋಡಿ, ಅದರ ಪಕ್ಕದಲ್ಲಿ 'ಮಿಕ್ಕ ಬಿಸಿ' ಎಂದು ತಾನೇ ಬರೆದುಕೊಂಡ. ಭಾನುವಾರ ಮತ್ತೆ ಬರುತ್ತಾನೆ, ಉಳಿದ ಪದಗಳೊಂದಿಗೆ.