ಬಿಟ್ಟುಬಂದವಳ ಪ್ರೇಮಕಥೆ

ಕೋಪರಖೈರಣೆಯಿಂದ ಠಾಣೆಯತ್ತ ಹೊರಡುವ ಬೆಳಗಿನ ಲೋಕಲ್ಲಿನಲ್ಲಿ ಕಾಲೇಜು ಹುಡುಗಿಯರ ಕೈಯಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಪುಸ್ತಕ ಕೊಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’. 2016ರಲ್ಲಿ ಹೊರಬಂದ ಈ ಕಾದಂಬರಿ ಕೆಲವು ವರ್ಷಗಳ ಅನಂತರ ಜಾಲತಾಣದ ಎಳೆಯ ಓದುಗರಿಂದ ಎರಡನೆಯ ಜನ್ಮ ಪಡೆಯಿತು; 2024ರಲ್ಲಿ ಚಲನಚಿತ್ರವೂ ಆಯಿತು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. ಹೆತ್ತವರಲ್ಲಿ ಅನೇಕರು ಮಕ್ಕಳ ಇಂಗ್ಲಿಷ್ ಪುಸ್ತಕದ ಹೊದಿಕೆಯನ್ನಷ್ಟೇ ನೋಡುತ್ತಾರೆ. ಹೊದಿಕೆಯ ಮೇಲೆ ಹೂವಿದೆ. ಲವ್ ಸ್ಟೋರಿ ಎಂದು ಮೂಗು ಮುರಿದರೆ ಅಲ್ಲಿಗೆ ವಿಚಾರಣೆ ಮುಗಿಯುತ್ತದೆ.

ಹಾಗೆ ಮುಗಿಸಬಾರದೆಂಬುದು ನನ್ನ ವಾದ. ಪುಸ್ತಕದ ಗದ್ಯ ಸಾಧಾರಣ, ಕೆಲವೆಡೆ ಸಾಧಾರಣಕ್ಕಿಂತ ಕೆಳಗೆ. ಆದರೆ ಅದು ಕೈಗೆತ್ತಿಕೊಂಡ ಸಂಗತಿ ಹಗುರವಾದದ್ದಲ್ಲ. ತಾಯಿಗೆ ಹೊಡೆಯುತ್ತಿದ್ದ ತಂದೆಯ ಮನೆಯಲ್ಲಿ ಬೆಳೆದ ಲಿಲ್ಲಿ, ಬೋಸ್ಟನ್ನಿನಲ್ಲಿ ಹೂವಿನಂಗಡಿ ತೆರೆದು, ರೈಲ್ ಎಂಬ ನರಶಸ್ತ್ರವೈದ್ಯನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಅವನು ಸುಂದರ, ಬುದ್ಧಿವಂತ, ಮಮತೆಯವನು. ಒಂದು ದಿನ ಕೈಮಾಡುತ್ತಾನೆ. ಮೊದಲ ಬಾರಿ ಅದು ಆಕಸ್ಮಿಕದಂತೆ ಕಾಣುತ್ತದೆ, ಎರಡನೆಯ ಬಾರಿ ಅದಕ್ಕೊಂದು ಕಾರಣ ಸಿಗುತ್ತದೆ, ಮೂರನೆಯ ಬಾರಿಗೆ ಕಾರಣಗಳು ತೀರುತ್ತವೆ. ಓದುಗಳೂ ಅವನನ್ನು ಮೆಚ್ಚಿರುತ್ತಾಳೆ, ಅವಳೂ ಲಿಲ್ಲಿಯ ಜೊತೆಗೆ ನೆಪ ಹುಡುಕಿರುತ್ತಾಳೆ. ಹೊರಗೆ ನಿಂತು ‘ಮೊದಲ ಏಟಿಗೇ ಬಿಟ್ಟು ಬರಬೇಕಿತ್ತು’ ಎನ್ನುವವರಿಗೆ ಈ ಪುಸ್ತಕ ಕೊಡುವ ಉತ್ತರ ಇದೇ.

ಇದರಲ್ಲಿ ನನಗೆ ಹಿಡಿಸಿದ ಭಾಗ ಪ್ರೇಮದ್ದಲ್ಲ, ತಾಯಿಯದು. ಗರ್ಭಿಣಿಯಾದ ಮಗಳು ಕೊನೆಗೆ ತಾಯಿಯ ಬಳಿ ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ತಾಯಿ ತನ್ನ ಅನುಭವದಿಂದ ಹೇಳುವುದಿಷ್ಟು: ಪ್ರತಿ ಸಲ ಉಳಿದುಕೊಂಡಾಗಲೂ ಸಹನೆಯ ಗೆರೆ ಇನ್ನಷ್ಟು ಆಚೆ ಸರಿಯುತ್ತದೆ, ಕೊನೆಗೆ ಗೆರೆ ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ. ಲಿಲ್ಲಿ ಹೊರಬರುವುದು ಈ ಮಾತಿನ ಬಲದಿಂದ. ಹೂವರ್ ತಮ್ಮ ಸ್ವಂತ ತಾಯಿಯ ಬದುಕಿನಿಂದ ಈ ಕಥೆಗೆ ಪ್ರೇರಣೆ ಪಡೆದವರು. ಬಹುಶಃ ಆ ಕಾರಣಕ್ಕೇ ಈ ಭಾಗ ಸುಳ್ಳಾಗಿಲ್ಲ.

ಈ ಮಾತನ್ನು ನಮ್ಮ ತಾಯಂದಿರು ಯಾವ ಕನ್ನಡದಲ್ಲಿ ಆಡುತ್ತಾರೆ? ಹುಡುಗಿಯರ ಬಳಿ ‘ಟಾಕ್ಸಿಕ್’, ‘ರೆಡ್ ಫ್ಲ್ಯಾಗ್’ ಎಂಬ ಪದಗಳಿವೆ. (ಮೊದಲನೆಯದು ಈಗ ಯಶ್ ಅವರ ಚಿತ್ರವೊಂದರ ಹೆಸರೂ ಹೌದು.) ಮನೆಯ ಕನ್ನಡದಲ್ಲಿ ಇರುವುದು ‘ಹೊಂದಿಕೊಂಡು ಹೋಗು’, ‘ತಾಳಿದವನು ಬಾಳಿಯಾನು’, ‘ನಾಲ್ಕು ಜನ ಏನಂದಾರು’. ಮದುವೆಯಾಗದ ಸಂಬಂಧವಾದರೆ ಅಷ್ಟೂ ಇಲ್ಲ. ಅಲ್ಲಿ ‘ನಾವು ಮೊದಲೇ ಹೇಳಿರಲಿಲ್ಲವೆ’ ಎಂಬ ಒಂದೇ ವಾಕ್ಯ. ಮಗಳು ಅಂಥ ಸಂಬಂಧವನ್ನು ಮುಚ್ಚಿಡುವುದು ಅವನ ಭಯಕ್ಕಿಂತ ಈ ವಾಕ್ಯದ ಭಯದಿಂದಲೇ ಎಂದು ಅನೇಕ ಸಲ ಅನಿಸಿದೆ.

ಇದು ಕಾದಂಬರಿಯ ಮಾತಷ್ಟೇ ಅಲ್ಲ. ನಮಗೆ ಹತ್ತಿರದ ವಸಯಿಯ ಯುವತಿಯೊಬ್ಬಳು ತನ್ನ ಸಂಗಾತಿ ಹೊಡೆಯುತ್ತಾನೆ, ಕೊಲ್ಲುವುದಾಗಿ ಬೆದರಿಸುತ್ತಾನೆ ಎಂದು 2020ರ ನವೆಂಬರಿನಲ್ಲೇ ಪೊಲೀಸರಿಗೆ ಲಿಖಿತ ದೂರು ಕೊಟ್ಟಿದ್ದಳು, ಬಳಿಕ ಹಿಂತೆಗೆದುಕೊಂಡಳು. 2022ರಲ್ಲಿ ದೆಹಲಿಯಲ್ಲಿ ಅವಳ ಕೊಲೆಯಾಯಿತು. ಆಗ ನಮ್ಮ ಕಟ್ಟಡಗಳ ಮೆಟ್ಟಿಲುಗಳ ಬಳಿ ನಡೆದ ಚರ್ಚೆ ಅವನ ಧರ್ಮದ ಸುತ್ತ, ಅವಳು ಹೆತ್ತವರ ಮಾತು ಕೇಳದಿದ್ದುದರ ಸುತ್ತ ತಿರುಗಿತು. ದೂರನ್ನು ಹಿಂತೆಗೆದುಕೊಂಡ ದಿನ ಅವಳಿಗೆ ಹೋಗಲು ಬೇರೆ ಬಾಗಿಲು ತೆರೆದಿತ್ತೆ ಎಂದು ಕೇಳಿದವರು ಕಡಿಮೆ.

ಕನ್ನಡಕ್ಕೆ ಈ ವಸ್ತು ಹೊಸದಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು ಇದರ ಒಳಹೊಕ್ಕವು. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದರು. ಇಂದಿರೆಯ ತಂದೆಯ ಹಣದಿಂದ ಅಮೆರಿಕಕ್ಕೆ ಓದಲು ಹೋದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿಯ ಲೆಕ್ಕ ಬದಲಾದೊಡನೆ ಅವಳನ್ನು ತೊರೆಯುತ್ತಾನೆ. ಮುಂದೆ ಅವನು ಗಾಯಗೊಂಡಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಪಶ್ಚಾತ್ತಾಪಪಟ್ಟ ನಾಯಕನಿಗೆ ನಾಯಕಿ ಒದಗಲೇಬೇಕು ಎಂದು ಬಯಸುವ ನೋಡುಗರ ಎದುರು, ಕಲ್ಪನಾ ಆ ನಿರಾಕರಣೆಯನ್ನು ನಟಿಸಿದರು. ಶುಶ್ರೂಷೆಯೇ ಬೇರೆ, ಒಪ್ಪಿಗೆಯೇ ಬೇರೆ ಎಂಬ ವಿವೇಕ ಆ ಚಿತ್ರಕ್ಕಿತ್ತು. ಇಂದಿರೆಗೆ ಬದಲಿ ವರನನ್ನು ಕೊಟ್ಟು ನೋಡುಗರನ್ನು ಸಮಾಧಾನಪಡಿಸುವ ಗೋಜಿಗೂ ಅದು ಹೋಗಲಿಲ್ಲ.

ಹೂವರ್ ಸೋಲುವುದು ಇಲ್ಲೇ. ಲಿಲ್ಲಿಗೆ ಹದಿಹರೆಯದ ಗೆಳೆಯ ಅಟ್ಲಸ್ ಉದ್ದಕ್ಕೂ ಕಾದಿರುತ್ತಾನೆ. ಕೊನೆಯ ಪುಟಗಳಲ್ಲಿ ಎದುರಾಗುತ್ತಾನೆ. ಸಾಲದೆಂಬಂತೆ 2022ರಲ್ಲಿ ಅವರಿಬ್ಬರಿಗಾಗಿಯೇ ಮುಂದಿನ ಭಾಗವೂ ಬಂತು. ಕೆಟ್ಟ ಪ್ರೇಮಕ್ಕೆ ಒಳ್ಳೆಯ ಪ್ರೇಮವೇ ಮದ್ದು ಎಂಬ ಈ ಸೂತ್ರ ಹಳೆಯದು. ಇಂಗ್ಲಿಷ್ ಎಂ.ಎ. ಓದಿದವರೆಲ್ಲ ಎಮಿಲಿಯ ಹೀತ್‌ಕ್ಲಿಫ್, ಷಾರ್ಲಟ್‌ಳ ರಾಚೆಸ್ಟರ್ ಬಗ್ಗೆ ಪುಟಗಟ್ಟಲೆ ಬರೆದಿರುತ್ತೇವೆ. ಕಿರಿಯ ತಂಗಿ ಆ್ಯನ್ ಬ್ರಾಂಟಿ 1848ರಲ್ಲಿ ಬರೆದ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಹೆಚ್ಚಿನವರ ಕೈಗೆ ಬಂದಿರುವುದಿಲ್ಲ. ಕುಡುಕ ಗಂಡನಿಂದ ಮಗನನ್ನು ಉಳಿಸಿಕೊಳ್ಳಲು ಮನೆ ಬಿಟ್ಟು, ಹೆಸರು ಮರೆಸಿ, ಚಿತ್ರ ಬರೆದು ಬದುಕುವ ಹೆಲೆನ್‌ಳ ಕಥೆ ಅದು. ಆ್ಯನ್ ಕೂಡ ಕೊನೆಗೆ ಅವಳಿಗೊಬ್ಬ ಒಳ್ಳೆಯ ಗಂಡನನ್ನು ಗೊತ್ತುಮಾಡಿದಳೆನ್ನಿ. ಆದರೂ ಆ ಕಾಲಕ್ಕೆ ಮಲಗುವ ಕೋಣೆಯ ಬಾಗಿಲನ್ನು ಗಂಡನ ಮುಖಕ್ಕೆ ಮುಚ್ಚಿದ ಹೆಂಗಸನ್ನು ಬರೆದದ್ದು ಸಣ್ಣ ಧೈರ್ಯವಲ್ಲ.

ಚೇತರಿಕೆಯ ಕಠಿಣ ಭಾಗ ಯಾವುದೆಂದು ತ್ರಿವೇಣಿಯವರ ‘ಶರಪಂಜರ’ ಬಲ್ಲದು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಮರಳುವ ಕಾವೇರಿಯನ್ನು ಮನೆ ಗುಣವಾದವಳೆಂದು ಒಪ್ಪುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಒಲಿದು ಮದುವೆಯಾದ ಗಂಡ ಸತೀಶನೇ ದೂರ ಸರಿದಿದ್ದಾನೆ. ವೈದ್ಯರು ಗುಣಪಡಿಸಿದವಳನ್ನು ಮನೆಯವರು ಮತ್ತೆ ಕಾಯಿಲೆಗೆ ನೂಕುತ್ತಾರೆ. ಕೆಟ್ಟ ಸಂಬಂಧದಿಂದ ಹೊರಬಂದ ಹುಡುಗಿಗೂ ಇದೇ ಪರೀಕ್ಷೆ ಕಾದಿರುತ್ತದೆ. ಅವಳನ್ನು ಬರಮಾಡಿಕೊಳ್ಳುವ ಮನೆ ಕೋಪರಖೈರಣೆಯ ಸಿಡ್ಕೊ ಮನೆಯಂತೆ ಒಂದೂವರೆ ಕೋಣೆಯದೇ ಇರಬಹುದು; ಅದರೊಳಗೆ ತಮ್ಮನ ಓದು, ಅಜ್ಜಿಯ ಔಷಧಿ, ಗೋಡೆಯಾಚೆ ಕಿವಿಗೊಟ್ಟ ನೆರೆಮನೆ. ಊರ ಜಾತ್ರೆಗೆ ಹೋದಾಗ ಬಂಧುಗಳಿಗೆ ಏನು ಹೇಳುವುದೆಂಬ ಚಿಂತೆ ಬೇರೆ. ಈ ಇಕ್ಕಟ್ಟನ್ನು, ಬೇರೆ ಯುವಕನನ್ನು ಕರೆತರದೆ ಬರೆಯುವ ಕನ್ನಡ ಕಾದಂಬರಿ ಮುಂಬಯಿಯ ಹೊರವಲಯಗಳಿಂದ ಬರಬೇಕು. ಕಿರಿಯರಿಗೆಂದು ಬರೆಯುವುದೆಂದರೆ ಮಕ್ಕಳ ಪದ್ಯ ಎಂದುಕೊಂಡಿರುವ ನಮ್ಮ ಸಂಘಗಳ ಕಥಾಸ್ಪರ್ಧೆಗಳಿಗೆ ಇದೊಂದು ವಿಷಯವಾಗಬಹುದು.

ಅದು ಬರುವವರೆಗೆ ಮಗಳ ಪುಸ್ತಕವನ್ನು ತಾಯಿ ಕೇಳಿ ಪಡೆಯಲಿ, ತಂದೆಯೂ ಓದಲಿ; ಅರ್ಥವಾಗದ ಕಡೆ ಮಗಳೇ ಹೇಳಿಕೊಡುತ್ತಾಳೆ. ಬದಲಿಗೆ ‘ಬೆಳ್ಳಿಮೋಡ’ವನ್ನು ಅವಳಿಗೆ ತೋರಿಸಬಹುದು, ಅದಕ್ಕೆ ಕನ್ನಡ ಅಕ್ಷರ ಬರಬೇಕೆಂದಿಲ್ಲ. ಕಪ್ಪುಬಿಳುಪು, ಬಹಳ ನಿಧಾನ ಎಂದು ಅವಳು ನಡುವೆ ಎದ್ದು ಹೋಗಲೂಬಹುದು. ಇಂದಿರೆ ಒಲ್ಲೆ ಎನ್ನುವ ಹೊತ್ತಿಗೆ ಒಮ್ಮೆ ಕರೆಯಿರಿ.